ಭೀಮಣ್ಣನ ಎಡಗಿವಿ

ಗೌರವ್ವಾ, ನಿನ್ನ ಮಗನ ಮುಖವನ್ನು ನೀನು ಮರೆತಿರಲಿಲ್ಲ. ನಾನು ಬರೆದುಕೊಟ್ಟ ಚಿತ್ರದಲ್ಲಿದ್ದವನು ನಿನ್ನ ಭೀಮಣ್ಣನಲ್ಲ — ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಪ್ಪು ನಿನ್ನ ಕಣ್ಣಿನದೆಂದು ನಂಬಿಸಿದೆ. ಕೇಳಿಸಿಕೊಳ್ಳಲು ನೀನಿಲ್ಲದ ಮೇಲೆ ಬಾಯಿ ಬಿಡುತ್ತಿದ್ದೇನೆ, ಇದೂ ಹೇಡಿತನವೇ.

ಯುದ್ಧ ಮುಗಿದ ಮರುವರ್ಷ ಅದು. ವಿಜಾಪುರದ ಇಬ್ರಾಹಿಂಪುರದಲ್ಲಿ, ರೈಲುಹಳಿಯ ಬದಿಯ ಕೋಣೆಯೊಂದರಲ್ಲಿ, ಹುಸೇನ ಮಾಸ್ತರರ ಹತ್ತಿರ ನಾನು ಎಣ್ಣೆಬಣ್ಣ ಕಲಿಯುತ್ತಿದ್ದೆ. ಅವರಲ್ಲಿ ಪರದೇಶದ ಹಳೆಯ ಚಿತ್ರವೊಂದರ ಅಚ್ಚಿನ ಪ್ರತಿ ಇತ್ತು — ಟೊಪ್ಪಿಗೆಯ ಒಬ್ಬ ಗಂಡಸು, ಅರ್ಧ ಮುಖದ ಮೇಲೆ ಬೆಳಕು, ಉಳಿದರ್ಧ ಕಗ್ಗತ್ತಲು. ಅಳತೆ ತಪ್ಪದಿರಲೆಂದು ಅದರ ಮೇಲೆ ಪೆನ್ಸಿಲ್ಲಿನಿಂದ ಚೌಕದ ಗೆರೆ ಹಾಕಿಕೊಂಡು ತಿಂಗಳುಗಟ್ಟಲೆ ಅದೊಂದನ್ನೇ ನಕಲು ಮಾಡಿದೆ. ಕತ್ತಲಿನ ಕಡೆಗೆ ಬಂದಾಗ ಸುಮ್ಮನೆ ಕಪ್ಪು ಬಳಿದುಬಿಡುತ್ತಿದ್ದೆ. "ಅಲ್ಲೂ ಒಂದ ಕಿವಿ ಐತಿ, ಕಣ್ಣಿಟ್ಟ ನೋಡಿ ತಗಿ," ಎಂದು ಮಾಸ್ತರರು ಗದರುತ್ತಿದ್ದರು. ನಾನು ಆ ಕಿವಿ ಬರೆಯಲಿಲ್ಲ. ನೋಡಿದವರೆಲ್ಲ ಹೊಗಳುತ್ತಿದ್ದರು, ನನಗೆ ಅಷ್ಟು ಸಾಕಾಗಿತ್ತು.

ಆಗ ನೀನು ನಮ್ಮೂರು ನಿಡೋಣಿಯಿಂದ ಬಂದೆ, ಸೆರಗಿನಲ್ಲಿ ಭೀಮಣ್ಣನ ಫೋಟೋ ಕಟ್ಟಿಕೊಂಡು. ದಂಡಿಗೆ ಸೇರಿ ಬರ್ಮಾದಲ್ಲಿ ತೀರಿಕೊಂಡ ನಿನ್ನ ಒಬ್ಬನೇ ಮಗ, ನನ್ನ ಓರಗೆಯ ಗೆಳೆಯ. ಅವನದೆಂದು ಉಳಿದಿದ್ದ ಒಂದೇ ಫೋಟೋ. "ದೊಡ್ಡದ ಮಾಡಿ ಬಣ್ಣದಾಗ ಬರಕೊಡೋ ತಮ್ಮಾ, ಗ್ವಾಡಿಗೆ ಹಾಕ್ತೀನಿ," ಎಂದೆ.

ಅದರ ಮೇಲೂ ಚೌಕ ಹಾಕಿದೆ. ಗೆರೆ ತಪ್ಪಿತು. ಒದ್ದೆ ಬಟ್ಟೆಯಿಂದ ಉಜ್ಜಿದೆ — ವಾರ್ನಿಶ್ ಬಳಿದ ಆ ಅಚ್ಚಿನ ಚಿತ್ರಕ್ಕೆ ಹಾಗೆ ಮಾಡಿ ಅಭ್ಯಾಸ. ಫೋಟೋದ ಮೇಲ್ಪದರ ಮೆತ್ತಗಾಗಿ ಎದ್ದುಬಂತು. ಭೀಮಣ್ಣನ ಮುಖ ಬಟ್ಟೆಗೆ ಅಂಟಿಕೊಂಡಿತು.

ಅವತ್ತೇ ಬಂದು ನಿನ್ನ ಕಾಲು ಹಿಡಿಯಬೇಕಿತ್ತು. ಬದಲಿಗೆ... ನನ್ನ ಕೈಗೆ ಬರುತ್ತಿದ್ದುದು ಒಂದೇ ಮುಖ. ಅದನ್ನೇ ಬರೆದೆ. ಟೊಪ್ಪಿಗೆ ತೆಗೆದು ರುಮಾಲು ಸುತ್ತಿದೆ, ಮೀಸೆ ಇಟ್ಟೆ, ಉಳಿದುದನ್ನೆಲ್ಲ ಕತ್ತಲಿಗೆ ಬಿಟ್ಟೆ. ಫೋಟೋ ಮಾಸ್ತರರ ಕೈಯಲ್ಲಿ ಕಳೆದುಹೋಯಿತೆಂದು ನಿನಗೆ ಹೇಳಿದೆ — ಅವರು ಅದನ್ನು ಮುಟ್ಟಿಯೂ ಇರಲಿಲ್ಲ.

ನೀನು ಬಹಳ ಹೊತ್ತು ಚಿತ್ರ ನೋಡಿದೆ.

"ಇಂವಾ ನಮ್ಮ ಭೀಮ್ಯಾ ಅಲ್ಲೋ ತಮ್ಮಾ. ಎತ್ತು ಹಾಯ್ದು ಹರಿದಿದ್ದ ಎಡಗಿವಿ ಎಲ್ಲೈತಿ?"

"ಕತ್ತಲಾಗ ಐತಿ, ಯವ್ವಾ. ನಿನ್ನ ಕಣ್ಣ ಮಂಜಾಗ್ಯಾವ. ಅವನ ಮುಖಾ ಹಿಂಗ ಇತ್ತು."

ಶಹರದಲ್ಲಿ ಕಲಿತವನ ಮಾತು, ಮಗನ ಗೆಳೆಯನ ಮಾತು — ನೀನು ನಂಬಿದೆ. "ಹೆತ್ತಾಕಿ ನಾನ, ಮಗನ ಮುಖಾ ಮರತೆನಲ್ಲೋ," ಎಂದು ಕೆನ್ನೆ ಬಡಿದುಕೊಂಡೆ. ಆಮೇಲೆ ನಾನು ಊರಿಗೆ ಬಂದಾಗಲೆಲ್ಲ ನೀನು ಗೋಡೆಯ ಕಡೆ ಕೈ ಮಾಡಿ, "ಹಿಂಗ ಇದ್ನಲ್ಲೇನೋ?" ಎಂದು ಕೇಳುತ್ತಿದ್ದೆ. ನೀನು ಸಾಯುವವರೆಗೂ ನಾನು ಹೂಂ ಎನ್ನುತ್ತಲೇ ಬಂದೆ.

ನೀನು ಹೋದ ಮೇಲೆ ಆ ಚಿತ್ರ ನನ್ನ ಹತ್ತಿರವೇ ಬಂದಿದೆ. ಕೈ ಪಳಗಿದೆ, ಎಂಥ ಕಿವಿಯನ್ನಾದರೂ ಬರೆಯಬಲ್ಲೆ. ಮೊನ್ನೆ ಕುಂಚ ಹಿಡಿದು ಅದರ ಮುಂದೆ ಕೂತೆ. ಹರಿದಿದ್ದು ಕಿವಿಯ ತುದಿಯೋ, ಹಾಲೆಯೋ — ನೆನಪಾಗಲಿಲ್ಲ. ಕಣ್ಣು ಮುಚ್ಚಿದರೆ ನನಗೂ ಆ ಟೊಪ್ಪಿಗೆಯವನೇ ಬರುತ್ತಾನೆ. ಭೀಮಣ್ಣನ ಮುಖ ನೆನಪಿದ್ದವಳು ನೀನೊಬ್ಬಳೇ ಇದ್ದೆ, ಗೌರವ್ವಾ.