ಹಲಸೂರಿನ ಅಚ್ಚ ನಿವಾಸಿ

ಹಲಸೂರಿನ ಹಳೇ ನಿವಾಸಿಗಳ ಕಥೆಗಳನ್ನು ಗ್ರಾಮಫೋನ್ ತಟ್ಟೆಯಲ್ಲಿ ಹಿಡಿಯಲು ರೇಡಿಯೋ ಸಾಹೇಬರು ಬಂದರು. ಯಂತ್ರ ಹೊತ್ತವನು ನಾನು. ಅದನ್ನು ಒಬ್ಬನೇ ಎತ್ತುವ ಗಂಡಸು ಪೇಟೆಯಲ್ಲೆಲ್ಲಿ ಸಿಗಬೇಕು?

ಹೂ ಮಾರುವ ಕಣ್ಣಮ್ಮ ಹುಟ್ಟಿದ್ದೇ ಹಲಸೂರಿನಲ್ಲಿ. ರಸ್ತೆಗೆಂದು ತನ್ನ ಮನೆ ಕೆಡವಿದ್ದನ್ನು ಹೇಳತೊಡಗಿದಳು.

"ನಿನ್ನ ಕನ್ನಡದಲ್ಲಿ ತಮಿಳೇ ಜಾಸ್ತಿ. ಅಚ್ಚ ಹಲಸೂರಿನವರು ಬೇಕು," ಎಂದರು ಸಾಹೇಬರು.

"ನಾನಿದ್ದೀನಲ್ಲ ಸಾರ್!" ಎಂದೆ.

ಹಳ್ಳಿಯಿಂದ ಬಂದು ಮೂರು ತಿಂಗಳಾಗಿತ್ತು, ಸಾಲದೇ? ಕಣ್ಣಮ್ಮನ ಮನೆಯನ್ನು ನನ್ನದೆಂದೇ ಹೇಳಿದೆ. ಅವಳ ಅಂಗಳದ ನುಗ್ಗೆಮರಕ್ಕಾಗಿ ಬಿಕ್ಕಿಬಿಕ್ಕಿ ಅತ್ತೆ. ಸಾಹೇಬರು ಕಣ್ಣೊರೆಸಿಕೊಂಡರು.

ಕಣ್ಣಮ್ಮ ಬುಟ್ಟಿ ಎತ್ತಿಕೊಂಡಳು. "ಮನೆ ರೋಡಿಗೆ ಹೋಯ್ತು, ಕಥೆ ನಿಂಗೆ ಹೋಯ್ತು. ಇನ್ನು ನಾನು ಯಾವೂರವಳು ಅಂತಾನೂ ನೀನೇ ಹೇಳ್ಬಿಡು ತಂಬಿ."

ಹೇಳಿಯೇಬಿಡುತ್ತಿದ್ದೆ, ಅಷ್ಟರಲ್ಲಿ ತಟ್ಟೆಯಲ್ಲಿ ಜಾಗ ಮುಗಿದುಹೋಗಿತ್ತು.