ಹಡಗಿನ ಪಕ್ಕ ಇಟ್ಟ ಚೀಟಿ

ಪ್ಲಾಸ್ಟಿಕ್ ವಿಮಾನ, ಹಡಗುಗಳನ್ನು ಜೋಡಿಸಲು ದೊಡ್ಡ ಗಂಡಸರೆಲ್ಲ ಒಂದು ಸಂಘ ಕಟ್ಟಿಕೊಂಡಿದ್ದೆವು ಎಂದರೆ ಜನ ಈಗಲೂ ನಗುತ್ತಾರೆ. ನಗಲಿ. ದುಬೈಯ ಕರಾಮದಲ್ಲಿ, ನಮ್ಮೂರಿನವರದೇ ಹೋಟೆಲೊಂದರ ಮಹಡಿಯ ಮೇಲೆ, ಎರಡು ಸಾವಿರದ ಹತ್ತರ ನಂತರದ ಕೆಲವು ವರ್ಷ ನಾವು ಏಳೆಂಟು ಮಂದಿ ಪ್ರತಿ ಶುಕ್ರವಾರ ಮಧ್ಯಾಹ್ನ ಸೇರುತ್ತಿದ್ದೆವು. ಊಟದ ಮೇಜಿಗೆ ಹಳೆಯ ಪೇಪರು ಹಾಸಿ, ಅಂಟು, ಚಿಮುಟ, ಬಣ್ಣದ ಪುಟ್ಟ ಡಬ್ಬಿಗಳನ್ನು ಹರಡಿಕೊಂಡು ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ನಮ್ಮಲ್ಲಿ ಇದ್ದದ್ದು ಒಂದೇ ಕಟ್ಟುನಿಟ್ಟು, ಆಫೀಸಿನ ಮಾತು ಎತ್ತಬಾರದು. ವಾರವಿಡೀ ಬೈಗುಳ ತಿಂದು ಬಂದವರಿಗೆ ಅಷ್ಟೇ ಸಾಕಿತ್ತು.

ಗುಂಪಿನ ಹಿರಿಯರನ್ನು ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಕಾರ್ಕಳದ ಕಡೆಯವರು, ಮನೆಮಾತು ತುಳು. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಹಿಂದೆ ಹೆಂಡತಿ, ಮಗಳೊಂದಿಗೆ ವಾಸ. ಕಟ್ಟಡಗಳ ನಕ್ಷೆ ಬಿಡಿಸುವ ಡ್ರಾಫ್ಟ್ಸ್‌ಮನ್ ಕೆಲಸ. ಎರಡು ಗಂಟೆ ಬಸ್ಸಿನಲ್ಲಿ ಕೂತು ಬಂದವರು ಚೀಲ ಇಳಿಸುವ ಮೊದಲೇ ಹಳೆಯ ಕಾಲದ ಮಾತು ಶುರು ಮಾಡುತ್ತಿದ್ದರು. ಎಂಬತ್ತರ ದಶಕದ ಕೊನೆಯಲ್ಲಿ ಅದೇ ಬೀದಿಯಲ್ಲಿ ಬ್ಯಾರಿ ಸಾಹೇಬರೊಬ್ಬರ ಆಟಿಕೆ ಅಂಗಡಿ ಇತ್ತಂತೆ. ಅಲ್ಲೂ ಒಂದು ಕ್ಲಬ್ಬು. ಒಂದು ಕಿಟ್, ಅಂದರೆ ಜೋಡಿಸುವ ತುಂಡುಗಳ ಒಂದು ಪೆಟ್ಟಿಗೆ, ಕೊಂಡರೆ ಕಾರ್ಡಿನ ಮೇಲೆ ಒಂದು ಮುದ್ರೆ, ಹತ್ತು ಮುದ್ರೆಯಾದರೆ ಒಂದು ಡಬ್ಬಿ ಬಣ್ಣ ಪುಕ್ಕಟೆ. ಪೆಟ್ಟಿಗೆಯ ಮೇಲಿನ ಕೂಪನ್ ಕತ್ತರಿಸಿ ಕಂಪನಿಗೆ ಕಳಿಸಿದರೆ ತಿಂಗಳುಗಟ್ಟಲೆ ಕಾಯಿಸಿ ಒಂದು ಬ್ಯಾಡ್ಜು ಬರುತ್ತಿತ್ತು. ವರ್ಷಕ್ಕೊಮ್ಮೆ ಸ್ಪರ್ಧೆ. ಗೆದ್ದ ಮಾದರಿ ಅಂಗಡಿಯ ಗಾಜಿನೊಳಗೆ ಒಂದು ತಿಂಗಳು ಕೂರುತ್ತಿತ್ತು. ಒಂದು ವರ್ಷ ಗೆದ್ದದ್ದು ಅಣ್ಣ.

"ಎಂಟು ಜನರ ರೂಮಲ್ಲಿ ನಂದು ಅಂತ ಇದ್ದದ್ದು ಒಂದು ಮಂಚ ಮಾರಾಯ," ಅನ್ನುತ್ತಿದ್ದರು. "ಆ ಗಾಜಿನ ಒಳಗೆ ನನ್ನ ಹೆಸರು ಉಂಟಲ್ಲ, ಅದನ್ನು ನೋಡ್ಲಿಕ್ಕೆ ದಿನಾ ಸುತ್ತು ಹಾಕಿ ಕೆಲಸಕ್ಕೆ ಹೋಗ್ತಿದ್ದೆ."

ಆ ಗೆಲುವಿಗೆ ಬಹುಮಾನವಾಗಿ ಸಿಕ್ಕಿದ್ದು ಮೂರು ಕಂಬದ ಹಾಯಿಹಡಗಿನ ದೊಡ್ಡ ಕಿಟ್. ಅದನ್ನು ಅವರು ಇಪ್ಪತ್ತು ಇಪ್ಪತ್ತೈದು ವರ್ಷ ಬಿಚ್ಚದೆ ಇಟ್ಟುಕೊಂಡಿದ್ದರು. ಕೊನೆಗೂ ಒಂದು ಶುಕ್ರವಾರ ಪೆಟ್ಟಿಗೆಯನ್ನು ನಮ್ಮ ಮುಂದೆ ಇಟ್ಟು ಬ್ಲೇಡಿನಿಂದ ಅಂಚು ಸೀಳಿದರು. ಇಷ್ಟು ವರ್ಷ ಇಟ್ಟು ಈಗ ಯಾಕೆ ಬಿಚ್ಚಿದಿರಿ ಅಂತ ಯಾರೋ ಕೇಳಿದ್ದಕ್ಕೆ ನಕ್ಕು ಮೊದಲ ತುಂಡು ಕೈಗೆತ್ತಿಕೊಂಡರು. ಕಾರಣ ನನಗೆ ಎರಡು ವಾರದ ನಂತರ ಗೊತ್ತಾಯಿತು.

ಅವರು ಹಡಗಿಗೆ ಕಟ್ಟುವ ದಾರದ ತುದಿಯನ್ನು ಕಣ್ಣಿನಿಂದ ಹುಡುಕುತ್ತಿರಲಿಲ್ಲ, ತುಟಿಗೆ ತಾಗಿಸಿ ಹುಡುಕುತ್ತಿದ್ದರು. ನನ್ನೊಂದಿಗೆ ಮಾತಾಡುವಾಗ ನೋಟ ನನ್ನ ಕಿವಿಯ ಪಕ್ಕ ಎಲ್ಲೋ ಇರುತ್ತಿತ್ತು. ಬಸ್ ನಿಲ್ದಾಣಕ್ಕೆ ಬಿಡುವಾಗ ಕಾರಿನಲ್ಲಿ ಕೇಳಿಯೇಬಿಟ್ಟೆ.

"ನಡು ಭಾಗ ಕಾಣುವುದಿಲ್ಲ," ಅಂದರು. "ಬದಿ ಎಲ್ಲ ಕಾಣ್ತದೆ. ಡಾಕ್ಟ್ರು ಹೇಳಿದ್ದಾರೆ, ಇದು ಹಿಂದೆ ಬರುವಂಥದ್ದಲ್ಲ."

"ಆಫೀಸಲ್ಲಿ ಹೇಗೆ ಅಣ್ಣ?"

"ಕಂಪ್ಯೂಟರಲ್ಲಿ ಗೆರೆ ಎಷ್ಟು ಬೇಕಾದ್ರೂ ದೊಡ್ಡದು ಮಾಡ್ಬಹುದಲ್ಲ. ನಡೀತಾ ಉಂಟು. ಗೊತ್ತಾದ್ರೆ ಖಲಾಸ್. ಮಗಳ ಹನ್ನೆರಡನೇ ಕ್ಲಾಸು ಒಂದು ಮುಗೀಲಿ, ಮತ್ತೆ ಎಂತ ಬೇಕಾದ್ರೂ ಆಗ್ಲಿ. ಇನ್ನು ಎರಡು ವರ್ಷ. ನೀನು ಯಾರಿಗೂ ಹೇಳ್ಬೇಡ."

ಹೇಳುವುದಿಲ್ಲ ಅಂದೆ. ಮನಸಾರೆಯೇ ಅಂದಿದ್ದೆ.

ಹಡಗು ಮುಗಿಯಲು ಏಳು ತಿಂಗಳು ಹಿಡಿಯಿತು. ಹಾಯಿಗಳಿಗೆ ಕಟ್ಟಿದ ಹಗ್ಗಗಳೇ ನೂರರ ಮೇಲೆ, ಒಂದೊಂದೂ ಹೊಲಿಗೆ ದಾರ, ಒಂದೊಂದಕ್ಕೂ ಬೆರಳಿನಿಂದ ತಡವಿ ಹಾಕಿದ ಗಂಟು. ಎರಡು ಹಾಯಿ ತುಸು ವಾಲಿದ್ದವು, ಒಂದು ಕಡೆ ಅಂಟು ಹರಿದು ಹೊಳೆಯುತ್ತಿತ್ತು.

ಅದೇ ಹೊತ್ತಿಗೆ ದುಬೈಯ ಒಂದು ಮಾಲಿನಲ್ಲಿ ಮಾದರಿಗಳ ಸ್ಪರ್ಧೆ ಏರ್ಪಾಡಾಯಿತು. ಅಲ್ಲಿಗೆ ಬರುವವರು ಯಾರೆಂದು ನಮಗೆ ಗೊತ್ತಿತ್ತು. ಬಣ್ಣ ಹೊಡೆಯಲು ಮನೆಯಲ್ಲೇ ಒಂದು ಕೋಣೆ ಇಟ್ಟುಕೊಂಡ ಪೈಲಟ್ಟುಗಳು, ಬಿಳಿಯ ಇಂಜಿನಿಯರುಗಳು. ಹಿಂದಿನ ವರ್ಷ ನಮ್ಮ ಮೇಜಿನ ಮುಂದೆ ತೀರ್ಪುಗಾರರು ನಿಲ್ಲದೆಯೇ ದಾಟಿ ಹೋಗಿದ್ದರು. ಆ ಹೊಟ್ಟೆಯುರಿ ನನ್ನಲ್ಲಿ ಹಾಗೆಯೇ ಇತ್ತು.

ಇಂಥ ಸ್ಪರ್ಧೆಗಳಲ್ಲಿ ಒಂದು ಪದ್ಧತಿ. ಪ್ರತಿ ಮಾದರಿಯ ಪಕ್ಕ ಒಂದು ಚೀಟಿ ಇಡಬೇಕು: ಯಾವ ಕಿಟ್, ಎಷ್ಟು ಹಳೆಯದು, ಮಾಡಿದವರ ಹೆಸರೇನು, ಹೇಗೆ ಮಾಡಿದ್ದು. ತೀರ್ಪುಗಾರರು ಮೊದಲು ಚೀಟಿ ಓದಿ ಆಮೇಲೆ ಬಗ್ಗಿ ನೋಡುತ್ತಾರೆ. ಸಂಘದ ಚೀಟಿಗಳನ್ನೆಲ್ಲ ನನ್ನ ಆಫೀಸಿನ ಪ್ರಿಂಟರಿನಲ್ಲಿ ತೆಗೆಯುವುದು ನನ್ನ ಕೆಲಸವಾಗಿತ್ತು. ಅಣ್ಣನ ಚೀಟಿಯ ಕೊನೆಗೆ, ಅವರನ್ನು ಕೇಳದೆ, ಇಂಗ್ಲಿಷಿನಲ್ಲಿ ಒಂದು ಸಾಲು ಸೇರಿಸಿದೆ: ಕಣ್ಣಿನ ದೃಷ್ಟಿ ಬಹುಪಾಲು ಹೋದ ಮೇಲೆ, ಬೆರಳಿನ ಸ್ಪರ್ಶದಿಂದಲೇ ಕಟ್ಟಿದ ಹಡಗು.

ಮರೆತು ಬರೆದೆ ಎಂದರೆ ಸುಳ್ಳಾಗುತ್ತದೆ. ಅವರ ಮಾತು ನೆನಪಿತ್ತು. ಆಫೀಸು ಇರುವುದು ಅಬುಧಾಬಿಯಲ್ಲಿ, ಮಾಲು ದುಬೈಯಲ್ಲಿ, ಯಾರು ಬಂದು ಓದುತ್ತಾರೆ ಅಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ಒಮ್ಮೆಯಾದರೂ ಆ ತೀರ್ಪುಗಾರರು ನಮ್ಮ ಮೇಜಿನ ಮುಂದೆ ನಿಲ್ಲಬೇಕು ಎಂಬ ಹಟ ನನಗೆ.

ನಿಂತರು. ಬಹಳ ಹೊತ್ತು ನಿಂತರು. ಸಂಜೆ ವಿಶೇಷ ಬಹುಮಾನ ಎಂದು ಅಣ್ಣನ ಹೆಸರು ಕರೆದು, ತೀರ್ಪುಗಾರನೊಬ್ಬ ಮೈಕಿನಲ್ಲಿ ಚೀಟಿಯನ್ನು ಪೂರ್ತಿ ಓದಿದ. ಜನ ಚಪ್ಪಾಳೆ ತಟ್ಟಿದರು. ಅಣ್ಣನ ಮುಖ ನೋಡಿದೆ. ಸಂತೋಷದಿಂದ ಅರಳಿದ್ದ ಮುಖ ಆ ಕೊನೆಯ ಸಾಲಿಗೆ ಹಾಗೆಯೇ ನಿಂತುಬಿಟ್ಟಿತು. ಮೆಟ್ಟಿಲು ತಡವುತ್ತಾ ವೇದಿಕೆ ಹತ್ತಿದರು. ಫೋಟೋಗೆಂದು ಮಾಲಿನವರು ಅವರ ಕೈಗೆ ಚೀಟಿಯನ್ನೂ ಹಿಡಿಸಿದರು.

ಕಾರಿನಲ್ಲಿ ಕೇಳಿದ್ದು ಒಂದೇ ಮಾತು. "ಎಂತಕ್ಕೆ ಬರೆದದ್ದು?"

"ನಿಮ್ಮ ಕೆಲಸ ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ ಅಣ್ಣ."

"ಹ್ಞೂಂ. ಗೊತ್ತಾಯ್ತಲ್ಲ," ಅಂದರು.

ಮಾಲಿನವರು ಫೋಟೋವನ್ನು ಫೇಸ್‌ಬುಕ್ಕಿಗೆ ಹಾಕಿದರು. ಅಣ್ಣನ ಆಫೀಸಿನ ಹುಡುಗಿಯೊಬ್ಬಳು ಅದನ್ನು ನೋಡಿ, ನಮ್ಮ ಅಂಕಲ್ ಎಂದು ಹೆಮ್ಮೆಯಿಂದ ಎಲ್ಲರಿಗೂ ಕಳಿಸಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳು ಮಾಡಿದ್ದೂ ನಾನು ಮಾಡಿದ್ದನ್ನೇ. ಮರುವಾರ ಮ್ಯಾನೇಜರು ಕರೆದು ಅಭಿನಂದಿಸಿ, ಕಣ್ಣಿನ ಪರೀಕ್ಷೆಯ ಕಾಗದ ಕೈಗೆ ಕೊಟ್ಟರು. ತಿಂಗಳೊಳಗೆ ಕೆಲಸ ಹೋಯಿತು. ಕೆಲಸದೊಂದಿಗೆ ವೀಸಾ, ಅವರ ವೀಸಾದೊಂದಿಗೆ ಹೆಂಡತಿ ಮಗಳದ್ದು. ಹನ್ನೊಂದನೇ ಕ್ಲಾಸಿನ ನಡುವೆ ಹುಡುಗಿಯನ್ನು ಶಾಲೆಯಿಂದ ಬಿಡಿಸಿದರು. ಆ ತಿಂಗಳು ನಾನು ಕರಾಮದ ಕಡೆ ಮುಖ ಹಾಕಲಿಲ್ಲ. ಫೋನು ಮಾಡಲು ಹತ್ತು ಸಲ ಕೈಗೆತ್ತಿಕೊಂಡು ಹತ್ತು ಸಲ ಕೆಳಗಿಟ್ಟೆ.

ಅವರು ಹೊರಡುವ ಹಿಂದಿನ ಶುಕ್ರವಾರ ಅಬುಧಾಬಿಗೆ ಹೋದೆ. ಕ್ಷಮೆ ಕೇಳಬೇಕೆಂದೇ ಹೋದದ್ದು, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಗಿಲು ತೆರೆದ ಮಗಳು "ಪ್ಲೀಸ್ ಸಿಟ್, ಅಂಕಲ್" ಅಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಾಲಿನ ತುಂಬ ರಟ್ಟಿನ ಪೆಟ್ಟಿಗೆಗಳು. ಅಣ್ಣ ಸೋಫಾದ ಮೂಲೆಯಲ್ಲಿ ಕೂತಿದ್ದರು, ಅತ್ತಿಗೆ ಟೀ ತಂದಿಟ್ಟು ಅಲ್ಲೇ ನಿಂತರು.

"ನೀವೇ ಹೇಳಿ," ಅಂದರು ಅತ್ತಿಗೆ. "ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಯಾರಾದ್ರೂ ತಾವೇ ಬರೆದು ಅಷ್ಟು ಜನರ ಎದುರು ಇಡ್ತಾರಾ? ಒಂದು ಬಹುಮಾನದ ಆಸೆಗೆ? ಮಗಳು ಅಪ್ಪನ ಹತ್ರ ಮಾತಾಡದೆ ಮೂರು ವಾರ ಆಯ್ತು."

ನಾನು ಅಣ್ಣನ ಕಡೆ ನೋಡಿದೆ. ಚೀಟಿಯನ್ನು ತಾನೇ ಬರೆದದ್ದು ಎಂದು ಅವರು ಮನೆಯಲ್ಲಿ ಹೇಳಿದ್ದರು. ಈಗ ಅವರ ಮುಖ ನನ್ನ ಕಡೆಗಿತ್ತು, ನೋಟ ಗೋಡೆಯ ಮೇಲಿತ್ತು. "ಆದದ್ದು ಆಯ್ತು," ಅಂದರು, "ಅವನಿಗೆ ಟೀ ಕುಡಿಲಿಕ್ಕೆ ಬಿಡು."

ನಾನೇ ಬರೆದದ್ದು ಎನ್ನಲು ಎರಡು ಶಬ್ದ ಸಾಕಿತ್ತು. ಒಳಕೋಣೆಗೂ ಕೇಳಿಸುವ ಹಾಗೆ ಹೇಳಬಹುದಿತ್ತು. ನಾನು ಲೋಟ ಎತ್ತಿ, "ಟೀ ಲಾಯ್ಕ ಉಂಟು ಅತ್ತಿಗೆ" ಅಂದೆ.