ಮೂರನೆಯ ಪಾಲು

ಜೋಳದ ಹಿಟ್ಟು ಸೋಮವಾರದ ತನಕ ಬರುತ್ತದೋ ಇಲ್ಲವೋ, ಮುಬಾಶಿರಾಳ ತಲೆಯಲ್ಲಿ ಅದೊಂದೇ ಕೊರೆಯುತ್ತಿತ್ತು. ಅಡುಗೆಮನೆ ದಾಟುವಾಗಲೆಲ್ಲ ಡಬ್ಬಿಯ ಮುಚ್ಚಳ ತೆಗೆದು ಹಿಟ್ಟಿನೊಳಗೆ ತೋರುಬೆರಳು ಇಳಿಸಿ ನೋಡುತ್ತಿದ್ದಳು. ಬುಧವಾರ ಬೆಳಿಗ್ಗೆ ಎರಡು ಗೆಣ್ಣು ಮುಳುಗಿತ್ತು, ಸಂಜೆಗೆ ಒಂದೂವರೆ. ಸೋಮವಾರ ಶಾಲೆ ತೆರೆದರೆ ಇಬ್ಬರು ಹೆಣ್ಣುಮಕ್ಕಳ ಮಧ್ಯಾಹ್ನದ ಊಟ ಅಲ್ಲೇ ಆಗುತ್ತದೆ, ಮೊಟ್ಟೆಯೂ ಸಿಗುತ್ತದೆ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಬಿಳಿ ಸಾಕ್ಸು ಹಾಕಿಕೊಂಡು ಓದಿದವಳು ಕುಷ್ಟಗಿಯ ಸರ್ಕಾರಿ ಶಾಲೆಯ ಬಿಸಿಯೂಟಕ್ಕೆ ದಿನ ಎಣಿಸುತ್ತಿರುವುದು ತವರಿನವರಿಗೆ ಗೊತ್ತಾದರೆ ಹೇಗೆ, ಅದು ಬೇರೆ ಸಂಕಟ.

ರಜೆಯಲ್ಲಿ ಮಕ್ಕಳ ಹೊಟ್ಟೆಗೆ ಗಡಿಯಾರ ಇರುವುದಿಲ್ಲ. ತಾಸಿಗೊಮ್ಮೆ "ಅಮ್ಮಿ, ಏನರ ಕೊಡು." ಗಂಡ ಮುಷರಫನದು ಕೂಲರ್ ರಿಪೇರಿ ಅಂಗಡಿ. ಈ ಸಲ ಮೇ ನಡುವಿನಲ್ಲೇ ಮಳೆ ಬಿದ್ದು ಊರಿನ ಕೂಲರುಗಳೆಲ್ಲ ಮೂಲೆ ಸೇರಿದ್ದವು. ದಿನವಿಡೀ ನೊಣ ಹೊಡೆದು ಮನೆಗೆ ಬಂದವನು, "ಹಬ್ಬಕ್ಕ ಅಣ್ಣನ ಮನಿಂದ ಮಾಂಸ ಬರತಿತ್ತು. ನೀನಽ ಕೆಡಿಸ್ಕೊಂಡಿ" ಎಂದು ಕುಟುಕುತ್ತಿದ್ದ.

ಸುಳ್ಳಲ್ಲ. ಅವನ ಅಣ್ಣ ಹುಸೇನಬಾಷಾನ ಮನೆ ಎರಡು ಓಣಿ ಆಚೆ. ಬಕ್ರೀದಿಗೆ ಅಲ್ಲಿ ಕುರಿ ಕೊಯ್ದು ಮೂರು ಪಾಲು ಮಾಡುತ್ತಾರೆ: ಮನೆಗೊಂದು, ಬಂಧುಗಳಿಗೊಂದು, ಬಡವರಿಗೊಂದು. ಬಂಧುಗಳ ಪಾಲು ಸ್ಟೀಲ್ ಡಬ್ಬಿಯಲ್ಲಿ ಅವರವರ ಮನೆಗೆ ಹೋಗುತ್ತದೆ. ಬಡವರ ಪಾಲನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಗೇಟಿನ ಮುಂದೆ ನಿಂತವರಿಗೆ ಹಂಚುತ್ತಾರೆ. ಅಣ್ಣತಮ್ಮಂದಿರು ಜಗಳಾಡಿ ಬೇರೆಯಾದ ಮೇಲೆ, ಹೋದ ವರ್ಷದ ಹಬ್ಬಕ್ಕೂ ಹುಸೇನಬಾಷಾನ ಹೆಂಡತಿ, ನೆಗೆಣ್ಣಿ ಶಹನಾಜಬೇಗಂ ಡಬ್ಬಿ ಕಳಿಸಿದ್ದಳು. ಮುಬಾಶಿರಾ ಮುಚ್ಚಳ ಕೂಡ ತೆಗೆಯದೆ ಹಿಂದಕ್ಕೆ ಕಳಿಸಿದ್ದಳು. "ನಮಗೇನೂ ಕಡಿಮಿ ಇಲ್ಲ ಅಂತ ಹೇಳು" ಎಂಬ ಮಾತೂ ಡಬ್ಬಿಯ ಜೊತೆ ಹೋಗಿತ್ತು. ಮಕ್ಕಳಿಗೆ ಆ ಮನೆಯಲ್ಲಿ ಒಂದು ತುತ್ತೂ ಮುಟ್ಟಬಾರದೆಂದು ಕಟ್ಟಪ್ಪಣೆ.

ಗುರುವಾರ ಹಬ್ಬ. ಮಧ್ಯಾಹ್ನ ಹೊರಗಿನಿಂದ ಬಂದ ಒಂಬತ್ತು ವರ್ಷದ ಜಾಸ್ಮೀನಳ ಕೈಯಲ್ಲಿ ನೀಲಿ ಪ್ಲಾಸ್ಟಿಕ್ ಚೀಲ. ಬುಡದಲ್ಲಿ ಕೆಂಪು ನೀರು ನಿಂತಿತ್ತು.

"ಯಾರು ಕೊಟ್ರು?"

"ದೊಡ್ಡಮ್ಮಿ."

"ಒಳಗ ಕರದು ಕೊಟ್ಲೋ, ಗೇಟಿನ್ಯಾಗ ಕೊಟ್ಲೋ?"

"ಗೇಟಿನ್ಯಾಗ."

ಮುಬಾಶಿರಾಳ ಕಿವಿ ಕಾದವು. ಫೋನು ತೆಗೆದುಕೊಂಡಳು. ಮುಷರಫ ಕೈ ಅಡ್ಡ ಹಿಡಿದ. "ಬಿಡು, ಹಬ್ಬದ ದಿನ."

"ನಿಮ್ಮ ರಕ್ತದ ಕೂಸಿಗೆ ಭಿಕ್ಷಾದ ಪಾಲು ಕೊಟ್ಟಾಳ್ರಿ. ಅಕಿನ್ನ ಇವತ್ತ ಕೇಳೇ ಬಿಡತೀನಿ."

"ದೊಡ್ಡಮ್ಮಿದೇನೂ ತಪ್ಪಿಲ್ಲ" ಎಂದಳು ಜಾಸ್ಮೀನ. "ಅಬೇದಾಬಿ ಖಾಲಾ ಹೊಂಟಿದ್ಲು, ಅಕಿ ಹಿಂದ ನಾನಽ ಹೋಗಿ ಪಾಳಿ ಹಚ್ಚಿದೆ." ಅಬೇದಾಬಿ ಪಕ್ಕದ ತಗಡಿನ ಮನೆಯ ವಿಧವೆ.

"ನೀ ಯಾಕ ಹಚ್ಚಿದಿ?"

"ಸಾಲ್ಯಾಗ ಊಟಕ್ಕ ಹಚ್ಚೂದಿಲ್ಲೇನು? ದೊಡ್ಡಮ್ಮಿ ನೋಡಿ, ಒಳಗ ಬಾ, ಉಣ್ಣು ಅಂದ್ಲು. ನಿಮ್ಮನ್ಯಾಗ ಉಂಡ್ರ ಅಮ್ಮಿ ಬೈತಾಳ ಅಂದೆ. ಅಕಿ ಅಳಾಕ ಹತ್ತಿದ್ಲು. ಎರಡು ಚೀಲ ಕೊಡಾಕ ಬಂದ್ಲು. ಒಬ್ಬರಿಗೆ ಒಂದಽ ಅಲ್ಲೇನು, ಅದಕ್ಕ ಒಂದ ತಗೊಂಡೆ."

ಮುಷರಫ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಮುಬಾಶಿರಾ ಫೋನು ಕೆಳಗಿಟ್ಟಳು. ಶಹನಾಜಬೇಗಂ ಒಂದಿಷ್ಟು ತಪ್ಪು ಮಾಡಿದ್ದರೂ ಎಷ್ಟು ಹಗುರಾಗುತ್ತಿತ್ತು. ವರ್ಷವಿಡೀ ಕೂಡಿಟ್ಟ ಬೈಗುಳ ಬಾಯಿತನಕ ಬಂದು, ಯಾರ ಮೇಲೆ ಉಗುಳಬೇಕೋ ತಿಳಿಯದೆ ನಾಲಿಗೆಯ ಮೇಲೇ ಕಹಿಯಾಯಿತು.

ಮಾಂಸ ತೊಳೆದು ಒಲೆಗಿಟ್ಟಳು. ಮಕ್ಕಳು ಎಲುಬು ಬಿಡದೆ ಚೀಪಿದರು. ಹಿಟ್ಟು ಬಿಗಿಹಿಡಿದು ತೆಳ್ಳಗೆ ಬಡಿದದ್ದು ಮೂರೇ ರೊಟ್ಟಿ, ಅವೂ ಮುಗಿದವು. ಚಿಕ್ಕವಳು ಜರೀನಾ ಗಂಗಾಳ ನೆಕ್ಕಿ, "ನಾಳಿನೂ ಅಲ್ಲೇ ಪಾಳಿ ಇರತೈತೇನಕ್ಕಾ?" ಎಂದು ಕೇಳಿದಳು. ಜಾಸ್ಮೀನ ತಾಯಿಯ ಮುಖ ನೋಡಿ, ತಂಗಿಯ ಬಾಯಿಯ ಮೇಲೆ ಕೈ ಇಟ್ಟಳು.

ಮುಬಾಶಿರಾ ಎಂಜಲು ಗಂಗಾಳ ಹಾಗೇ ಬಿಟ್ಟು ಹಿತ್ತಲಿಗೆ ಹೋಗಿ ನಂಬರು ಒತ್ತಿದಳು.

"ಹೇಳು" ಎಂದಿತು ಶಹನಾಜಬೇಗಂಳ ದನಿ.

ತಪ್ಪಾಯಿತು ಎನ್ನಬೇಕೆಂದಿದ್ದಳು. ಬಾಯಿಗೆ ಬಂದದ್ದು ಬೇರೆ. "ಭಾಭಿ, ಸಾಲಿ ಶುರುವಾಗಾಕ ಇನ್ನ ಮೂರು ದಿನ ಐತಿ. ಅಲ್ಲೀತನಕ ಮಕ್ಕಳನ್ನ ಮಧ್ಯಾಹ್ನ ಉಣ್ಣಾಕ ನಿಮ್ಮಲ್ಲಿ ಕಳಸ್ಲೇನ್ರಿ?"

ಆ ಕಡೆ ಪಾತ್ರೆ ಉಜ್ಜುವ ಸಪ್ಪಳ ನಿಂತಿತು.

"ಕಳಸು. ನನ್ನ ಮಕ್ಕಳು ಇದ್ದಂಗ ಅವು, ದಿನಾ ಬರ್ಲಿ. ಆದ್ರ ನೀ ಓಣಿ ತಿರುವಿನ್ಯಾಗ ಬಿಟ್ಟು ಹೋಗು. ನಮ್ಮ ಬಾಗಲಿಗೆ ಬರಬ್ಯಾಡ."

"ಹೂಂ ರೀ" ಎಂದಳು ಮುಬಾಶಿರಾ.